ನಾಲ್ಕು ವಾರದ ಲೆಕ್ಕ: ಹೊಸಬರ ಹಂತ ದಾಟಿದ ಮೇಲೆ ನಾನು ತೂಕ ಏರಿಸುವ ರೀತಿ

ಜಿಮ್ ಸೇರಿದ ಹೊಸದರಲ್ಲಿ ಪ್ರತಿ ಸಲ ಬಾರ್‌ಗೆ 2.5 ಕೆ.ಜಿ. ಸೇರಿಸಿದರೂ ಎದ್ದುಬಿಡುತ್ತದೆ. ಒಂದು ಹಂತದ ನಂತರ ಅದು ನಿಲ್ಲುತ್ತದೆ. ಆಗ ದಿನದ ಲೆಕ್ಕ ಬಿಟ್ಟು ನಾಲ್ಕು ವಾರದ ಲೆಕ್ಕ ಹಿಡಿಯಬೇಕು.

ಮೊದಲು ಒಂದು ಆಧಾರದ ಅಂಕಿ ಬೇಕು. ಅದಕ್ಕೆ ಗರಿಷ್ಠ ತೂಕ ಎತ್ತಿಯೇ ನೋಡಬೇಕೆಂದಿಲ್ಲ. ಕಷ್ಟಪಟ್ಟು ಐದೇ ರೆಪ್ (ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್) ಬರುವ ತೂಕವನ್ನು ಐದರಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ಅದೇ ತೂಕಕ್ಕೆ ಕೂಡಿಸುತ್ತೇನೆ. ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು) 100 ಕೆ.ಜಿ. ಆದರೆ ಅಂದಾಜು ಗರಿಷ್ಠ 116.7. ಅದರ ಶೇ. 90, ಅಂದರೆ 105, ನನ್ನ ಆಧಾರ ತೂಕ. ಮುಂದಿನ ಶೇಕಡಾವಾರು ಎಲ್ಲ ಇದರ ಮೇಲೆಯೇ. ಈ ಶೇ. 10 ಬಿಟ್ಟುಕೊಡಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ; ಎರಡನೇ ತಿಂಗಳಿಗೇ ತೂಕ ಏರದೆ ನಿಂತುಬಿಡುವುದೂ ಅವರೇ.

ಮೊದಲ ವಾರ ಶೇ. 75ರಲ್ಲಿ 8 ರೆಪ್‌ನ 3 ಸೆಟ್ (ನಡುವೆ ನಿಲ್ಲಿಸದೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್), ಎರಡನೆಯದು ಶೇ. 80ರಲ್ಲಿ 6 ರೆಪ್‌ನ 4 ಸೆಟ್, ಮೂರನೆಯದು ಶೇ. 85ರಲ್ಲಿ 5 ರೆಪ್‌ನ 4 ಸೆಟ್. 2.5ರ ಮಟ್ಟಕ್ಕೆ ಕೆಳಕ್ಕೇ ಹೊಂದಿಸಿದರೆ 105ಕ್ಕೆ ಇವು 77.5, 82.5 ಮತ್ತು 87.5 ಕೆ.ಜಿ. ನಾಲ್ಕನೇ ವಾರ ಡಿಲೋಡ್, ಅಂದರೆ ತೂಕ ಇಳಿಸಿ ಮೈಗೆ ಬಿಡುವು ಕೊಡುವುದು: 67.5 ಕೆ.ಜಿ., 5 ರೆಪ್‌ನ 2 ಸೆಟ್, ಅಷ್ಟೇ. ಮೈ ಹಗುರ ಅನಿಸಿತೆಂದು ಆ ವಾರ ಹೆಚ್ಚು ಎತ್ತಿದರೆ ಮೊಣಕಾಲು, ಭುಜಗಳಿಗೆ ಸಿಗಬೇಕಿದ್ದ ಬಿಡುವು ಹೋಯಿತು.

ಏರಿಸುವ ತೀರ್ಮಾನ ಮೂರನೇ ವಾರದ ಕೊನೆಯ ಸೆಟ್‌ನದು. ಅಲ್ಲಿ ಐದಕ್ಕೆ ನಿಲ್ಲಿಸದೆ, ಇನ್ನೊಂದು ರೆಪ್ ಒಳಗೆ ಉಳಿದಿದೆ ಅನ್ನುವವರೆಗೆ ಮಾಡುತ್ತೇನೆ. ಎಂಟು ಅಥವಾ ಹೆಚ್ಚು ಬಂದರೆ ಆಧಾರ ತೂಕಕ್ಕೆ 5 ಕೆ.ಜಿ., ಐದರಿಂದ ಏಳು ಬಂದರೆ 2.5. ಐದೂ ಬರದಿದ್ದರೆ ಶೇ. 5 ಕಡಿತ. ಬೆಂಚ್ (ಮಲಗಿ ಎದೆಯಿಂದ ಬಾರ್ ಮೇಲೆ ತಳ್ಳುವುದು) ಮತ್ತು ಓವರ್‌ಹೆಡ್ ಪ್ರೆಸ್‌ಗೆ (ನಿಂತು ತಲೆಯ ಮೇಲಕ್ಕೆ ತಳ್ಳುವುದು) ಏರಿಕೆ ಇದರ ಅರ್ಧ.

ಓವರ್‌ಹೆಡ್ ಪ್ರೆಸ್‌ನ ಏರಿಕೆ ಎಲ್ಲಕ್ಕಿಂತ ಮೊದಲು ನಿಂತುಹೋಗಲು ಒಂದು ಸರಳ ಕಾರಣವಿದೆ. ಬಡಾವಣೆಯ ಎಷ್ಟೋ ಜಿಮ್‌ಗಳಲ್ಲಿ ಅತಿ ಚಿಕ್ಕ ಪ್ಲೇಟ್ 2.5 ಕೆ.ಜಿ.ಯದು. ಎರಡು ಬದಿಗೂ ಹಾಕಿದರೆ 5 ಕೆ.ಜಿ.; 40 ಕೆ.ಜಿ. ಪ್ರೆಸ್ ಮಾಡುವವನಿಗೆ ಅದು ಒಂದೇ ಏಟಿಗೆ ಶೇ. 12.5. ನನ್ನ ಬ್ಯಾಗಿನಲ್ಲಿ 1.25 ಮತ್ತು ಅರ್ಧ ಕೆ.ಜಿ.ಯ ಒಂದೊಂದು ಜೊತೆ ಇರುತ್ತವೆ. ಬೆಲ್ಟ್‌ಗಿಂತ ಮೊದಲು ಕೊಳ್ಳಬೇಕಾದದ್ದು ಇವನ್ನು.

ಬಾರ್ ಕೂಡ 20 ಕೆ.ಜಿ. ಅಂತ ನಂಬಬೇಡಿ. ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ಒಮ್ಮೆ, ಬಾರ್ ಹಿಡಿದು ಒಮ್ಮೆ ನಿಂತರೆ ಗೊತ್ತಾಗುತ್ತದೆ. ಹಿಡಿಯ ಗೆರೆಯ ಪಕ್ಕ ಬಣ್ಣದ ಟೇಪ್ ಸುತ್ತಿ ಗುರುತಿಟ್ಟು, ಯಾವಾಗಲೂ ಅದೇ ಬಾರ್ ತೆಗೆದುಕೊಳ್ಳುತ್ತೇನೆ.

ವಾರಕ್ಕೆ ಮೂರು ದಿನ. ಸೋಮವಾರ ಸ್ಕ್ವಾಟ್ ಮತ್ತು ಹಗುರ ಬೆಂಚ್, ಬುಧವಾರ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು) ಮತ್ತು ಪ್ರೆಸ್, ಶುಕ್ರವಾರ ಬೆಂಚ್ ಮತ್ತು ಸೋಮವಾರದ ಶೇ. 80 ತೂಕದ ಸ್ಕ್ವಾಟ್. ರೋ (ಬಾಗಿ ಬಾರ್ ಮೈಯತ್ತ ಎಳೆಯುವುದು) ಅಥವಾ ಪುಲ್‌ಅಪ್ ಮೂರೂ ದಿನ. ಡೆಡ್‌ಲಿಫ್ಟ್ ಬೆನ್ನನ್ನು ಬೇಗ ದಣಿಸುತ್ತದೆ, ಅದಕ್ಕೆ ಸೆಟ್ ಒಂದು ಕಡಿಮೆ. ಭಾರದ ಸೆಟ್‌ಗಳ ನಡುವೆ ಮೂರು ನಿಮಿಷ ಬೇಕೇಬೇಕು. ಸಂಜೆ ಏಳಕ್ಕೆ ಇರುವ ಒಂದೇ ರ‍್ಯಾಕ್‌ನಲ್ಲಿ ಯಾರೋ ಬೈಸೆಪ್ಸ್ ಕರ್ಲ್ ಮಾಡುತ್ತಿರುತ್ತಾರೆ. ಬೆಳಿಗ್ಗೆ ಹೋಗುವುದೇ ವಾಸಿ.

ವರ್ಷಕ್ಕೆ ಇಂಥ 13 ಸುತ್ತು ಹಿಡಿಯುತ್ತವೆ, ಆದರೆ ನಾನು ಹತ್ತನ್ನೇ ಬರೆದುಕೊಳ್ಳುವುದು. ಯುಗಾದಿ, ದಸರಾ, ಊರಹಬ್ಬ, ಮದುವೆಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತಿಸಿ ಡಿಲೋಡ್ ವಾರವನ್ನು ಅಲ್ಲಿಗೆ ತಳ್ಳುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ತಪ್ಪಿದರೆ ಆಧಾರ ತೂಕದಲ್ಲಿ ಶೇ. 10 ಇಳಿಸಿ ಮೊದಲ ವಾರದಿಂದ ಶುರು.

ಊಟದ್ದು ಹೆಚ್ಚು ಹೇಳುವುದಿಲ್ಲ. ದೇಹತೂಕದ ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್, ಅಂದರೆ 75 ಕೆ.ಜಿ.ಯವರಿಗೆ 120 ಗ್ರಾಂ. ಸಾರಿನ ಬೇಳೆಯಿಂದ ಇದು ಹುಟ್ಟುವುದಿಲ್ಲ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 26 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16ರಷ್ಟು ಸಿಗುತ್ತದೆ. ಉಳಿದದ್ದಕ್ಕೆ ಮೊಟ್ಟೆ, ಪನೀರ್, ಕೋಳಿ.

ನಿಜವಾದ ಗರಿಷ್ಠ ತೂಕದ ಪರೀಕ್ಷೆ ವರ್ಷಕ್ಕೆ ಎರಡೇ ಸಲ, ಡಿಲೋಡ್ ಮುಗಿದ ಮರುವಾರ. ಅಂದಾಜಿನ ಶೇ. 50ರಲ್ಲಿ ಐದು, 70ರಲ್ಲಿ ಮೂರು, 80 ಮತ್ತು 90ರಲ್ಲಿ ಒಂದೊಂದು ರೆಪ್, ಆಮೇಲೆ ಮೂರೇ ಪ್ರಯತ್ನ. ಸ್ಕ್ವಾಟ್‌ಗೆ ಸೇಫ್ಟಿ ಪಿನ್ (ಏಳಲಾಗದಿದ್ದರೆ ಬಾರ್ ಹಿಡಿಯುವ ಅಡ್ಡ ಸರಳು) ತೀರಾ ಕೆಳಗೆ ಕೂತಾಗಿನ ಬಾರ್‌ಗಿಂತ ಎರಡು ಬೆರಳು ಕೆಳಗಿರಬೇಕು; ಖಾಲಿ ಬಾರ್ ಹೊತ್ತು ಕೂತು ನೋಡಿಯೇ ಅದನ್ನು ಸಿಕ್ಕಿಸುತ್ತೇನೆ.