ಕಲಬುರಗಿಯ ಮನೆ ಮಾರಿ ಮೈಸೂರಿನಲ್ಲಿ ಮನೆ ಕೊಂಡೆವು: ನನ್ನ ಅನುಭವ

ಹೆಂಡತಿಗೆ ಮೈಸೂರಿಗೆ ವರ್ಗ ಆಯಿತು. ಕಲಬುರಗಿಯಿಂದ ಸುಮಾರು 700 ಕಿಲೋಮೀಟರ್. ಮೊದಲು ಅಲ್ಲೊಂದು ಮನೆ ನೋಡ್ಕೊಳ್ಳಿ, ಆಮೇಲೆ ಇಲ್ಲಿಂದು ಮಾರಿ ಅಂತ ಎಲ್ಲರೂ ಹೇಳಿದರು. ನಾವು ಉಲ್ಟಾ ಮಾಡಿದೆವು. ಮೊದಲು ಮಾರಿದೆವು, ಮೈಸೂರಿಗೆ ಹೋಗಿ ಬಾಡಿಗೆಗೆ ಇದ್ದೆವು, ನಿಧಾನವಾಗಿ ನೋಡಿ ಕೊಂಡೆವು. ಸಂಬಳದ ಮೇಲೆ ಬದುಕುವವರು ಇಷ್ಟು ದೂರ ಹೋಗುವಾಗ ಇದೇ ಸರಿಯಾದ ದಾರಿ ಅಂತ ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ. ಹೊಸ ಊರಲ್ಲಿ ಮುಂಗಡ ಕೊಟ್ಟು, ಇಂಥ ತಾರೀಖಿನೊಳಗೆ ಬಾಕಿ ಕೊಡುತ್ತೇವೆ ಅಂತ ಬರೆದುಕೊಟ್ಟು ಬಂದರೆ, ಹಳೆ ಮನೆಯ ಗಿರಾಕಿ ಕೇಳಿದ ರೇಟಿಗೆ ಕೊಡಬೇಕಾಗುತ್ತದೆ. ಅವಸರ ಇದೆ ಅಂತ ದಲ್ಲಾಳಿಗೆ ಗೊತ್ತಾದರೆ ಸಾಕು, ಎರಡು ದಿನದಲ್ಲಿ ಇಡೀ ಸೇಡಂ ರೋಡಿಗೆ ಗೊತ್ತಾಗುತ್ತದೆ.

ನಮ್ಮ ಮನೆ ಸೇಡಂ ರಸ್ತೆ ಕಡೆಯ ಒಂದು ಕಾಲೊನಿಯಲ್ಲಿತ್ತು. ಪ್ಲಾಟ್ ಅಪ್ಪ ತಗೊಂಡಿದ್ದು, ಮನೆ ನಾನು ಸಾಲ ಮಾಡಿ ಕಟ್ಟಿಸಿದ್ದು. ಬೋರ್ಡು ಹಾಕುವ ಮೊದಲು ಕಾಗದ ಸರಿ ಮಾಡಿಕೊಂಡೆ. ಬೀದರ್‌ನಲ್ಲಿರುವ ಅಕ್ಕ ಅಪ್ಪ ತೀರಿಕೊಂಡಾಗಲೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಟ್ಟಿದ್ದಳು, ಖಾತಾ ನನ್ನ ಹೆಸರಿಗೆ ಬಂದಿತ್ತು. ಆದರೂ ಕೊಳ್ಳುವವರ ವಕೀಲರು ವಂಶಾವಳಿ ಕೇಳಿದರು. ಕೇಳುವುದು ಸರಿಯೇ, ಯಾಕಂದರೆ ಹೆಣ್ಣುಮಕ್ಕಳಿಗೂ ಸಮ ಹಕ್ಕು ಇರುತ್ತದೆ, ಒಬ್ಬರ ಸಹಿ ಬಿಟ್ಟುಹೋದರೂ ನಾಳೆ ತಕರಾರು ಬರಬಹುದು. ನಿಮ್ಮ ಮನೆಯಲ್ಲಿ ಇದು ಆಗಿಲ್ಲವಾದರೆ ಎಲ್ಲಕ್ಕಿಂತ ಮೊದಲು ಅಕ್ಕತಂಗಿಯರ ಹತ್ತಿರ ಹೋಗಿ ಕೂತು ಮಾತಾಡಿ, ಕೊಡಬೇಕಾದ್ದು ಕೊಟ್ಟು ಬಗೆಹರಿಸಿಕೊಳ್ಳಿ. ಗಿರಾಕಿ ಬಂದ ಮೇಲೆ ಆ ಮಾತು ತೆಗೆದರೆ ಮನಸ್ಸೂ ಕೆಡುತ್ತದೆ, ವ್ಯವಹಾರವೂ ಕೆಡುತ್ತದೆ.

ಇ-ಖಾತಾ, ಅಂದರೆ ಕಂಪ್ಯೂಟರ್‌ನಲ್ಲಿ ದಾಖಲಾದ ಖಾತಾ, ಇಲ್ಲದೆ ಈಗ ನೋಂದಣಿಯೇ ಆಗಲ್ಲ. ಖರೀದಿ ಪತ್ರ, ತೆರಿಗೆ ರಸೀದಿ, ಋಣಭಾರ ಪತ್ರ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಇ.ಸಿ.), ಜೆಸ್ಕಾಂ ಕರೆಂಟ್ ಬಿಲ್ಲು, ಆಧಾರ್, ಮನೆ ಫೋಟೋ ಎಲ್ಲ ಕೊಟ್ಟು ಪಾಲಿಕೆಯಿಂದ ಮಾಡಿಸಿಕೊಂಡೆ. ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚೆಗಿನದು ಮನೆಯಲ್ಲೇ ಕೂತು ತೆಗೆಯಬಹುದು, ಅದಕ್ಕಿಂತ ಹಳೆಯದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. ಕಾಗದಗಳಲ್ಲಿ ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಈಗಲೇ ತಿದ್ದಿಸಿ. ದೂರದ ಊರಿಗೆ ಹೋದ ಮೇಲೆ ಒಂದು ಅಕ್ಷರಕ್ಕಾಗಿ ರಾತ್ರಿಯೆಲ್ಲ ರೈಲಲ್ಲಿ ಬರಬೇಕಾಗುತ್ತದೆ.

ಸಾಲ ಇನ್ನೂ 7 ಲಕ್ಷ ಬಾಕಿ ಇತ್ತು. ಮೂಲ ಪತ್ರಗಳು ಬ್ಯಾಂಕಿನಲ್ಲಿ, ಅದೂ ಇಲ್ಲಿನ ಶಾಖೆಯಲ್ಲಲ್ಲ, ಬೇರೆ ಊರಿನ ದಾಖಲೆ ಕೇಂದ್ರದಲ್ಲಿ. ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಅರ್ಜಿಯಲ್ಲಿ ಆ ನಿಯಮದ ಮಾತನ್ನೂ ಒಂದು ಸಾಲಿನಲ್ಲಿ ಬರೆದೆ, ಪತ್ರ ಹೊತ್ತಿಗೆ ಸರಿಯಾಗಿ ಬಂತು. ಕರಾರಿನ ಹೊತ್ತಿಗೆ ಕೊಳ್ಳುವವರು ಕೊಟ್ಟ ಮುಂಗಡ ನನ್ನ ಕೈಗೆ ಬರಲೇ ಇಲ್ಲ, ನೇರ ಸಾಲದ ಖಾತೆಗೆ ಹಾಕಿದರು. ಅವರಿಗೂ ಧೈರ್ಯ, ನನಗೂ ಲೆಕ್ಕ ಸ್ಪಷ್ಟ. ಸಾಲ ತೀರಿದ ಪತ್ರ ನೋಂದಣಿಯಾಗಿ ಅದು ಋಣಭಾರ ಪತ್ರದಲ್ಲಿ ಕಾಣಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಅಂತ ಕರಾರಿನಲ್ಲೇ ಬರೆಸಿದ್ದೆವು.

ಮನೆ ನೋಡಲು ಬರುವವರಿಗೆ ಬೆಳಗ್ಗೆ ಬನ್ನಿ ಅಂತಲೇ ಹೇಳುತ್ತಿದ್ದೆ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಯಾವ ಮನೆಯೂ ಚೆಂದ ಕಾಣಲ್ಲ. ಬಂದವರು ಅಡುಗೆಮನೆ ನೋಡುವ ಮೊದಲೇ ಕೇಳುತ್ತಿದ್ದ ಮಾತು ಒಂದೇ: "ನೀರಿಂದು ಹೆಂಗದರೀ ಅಣ್ಣಾರ?" ಅದಕ್ಕೆ ಬಾಯಲ್ಲಿ ಉತ್ತರ ಕೊಡುತ್ತಿರಲಿಲ್ಲ. ಬೋರ್ ಮೋಟರ್ ಹಾಕಿ, ಮಾಳಿಗೆ ಮೇಲಿನ ಟ್ಯಾಂಕಿಗೆ ನೀರು ಬೀಳುವುದನ್ನು ಅವರನ್ನೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ನೆಲ ಶಹಾಬಾದ್ ಕಲ್ಲಿನದು. ಟೈಲ್ಸ್ ಇಲ್ವಾ ಅಂತ ಕೆಲವರು ಮುಖ ಸಣ್ಣಗೆ ಮಾಡಿದರು. ಕೊನೆಗೆ ಕೊಂಡವರ ತಾಯಿ ಒಳಗೆ ಬಂದವರೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿ, "ಫರಸಿ ತಣ್ಣಗದ ನೋಡಪಾ" ಅಂತ ಮಗನಿಗೆ ಹೇಳಿದರು. ಆಮೇಲೆ ರೇಟಿನ ಮಾತು ಜಾಸ್ತಿ ಎಳೆಯಲಿಲ್ಲ. 62 ಲಕ್ಷಕ್ಕೆ ಮಾತಾಯಿತು. ಏರ್ ಕೂಲರ್, ಇನ್ವರ್ಟರ್, ಬೋರ್ ಮೋಟರ್ ಮನೆಯ ಜೊತೆಗೇ ಬಿಟ್ಟೆವು, ಅದನ್ನೂ ಕರಾರಿನಲ್ಲಿ ಬರೆದೆವು.

ಅದಕ್ಕಿಂತ ಮೊದಲು ಒಬ್ಬರು ಹೆಚ್ಚಿನ ರೇಟು ಹೇಳಿದ್ದರು. ಆದರೆ ಅರ್ಧದಷ್ಟು ನಗದು ಕೊಡುತ್ತೇವೆ, ಪತ್ರದಲ್ಲಿ ಕಡಿಮೆ ತೋರಿಸೋಣ ಅಂದರು. ನಾನು ಬೇಡ ಅಂದೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮನೆ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕಾನೂನು ಒಂದು ಕಡೆ ಇರಲಿ, ಆ ನಗದನ್ನು ನಾನು ಏನು ಮಾಡಲಿ? ಹೊಸ ಊರಲ್ಲಿ ನಮ್ಮ ಪರಿಚಯದವರು ಯಾರೂ ಇಲ್ಲ. ಅಲ್ಲಿ ಮಾರುವವರು, ಬ್ಯಾಂಕಿನವರು, ಎಲ್ಲರೂ ದುಡ್ಡು ಖಾತೆಯಿಂದಲೇ ಬರಬೇಕು ಅಂತಾರೆ. ಒಂದು ಮನೆಯ ದುಡ್ಡು ಇನ್ನೊಂದು ಮನೆ ಆಗಬೇಕಾದರೆ ಅದು ಮೊದಲಿಂದ ಕೊನೆವರೆಗೆ ಬ್ಯಾಂಕಿನಲ್ಲೇ ಹರಿಯಬೇಕು.

ನೋಂದಣಿ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬ್ಯಾಂಕ್ ತೆರೆಯುವುದು ಮಾತ್ರ ಹತ್ತಕ್ಕೆ. ಕೊಳ್ಳುವವರ ಸಾಲದ ಡಿ.ಡಿ. ಬ್ಯಾಂಕಿನಿಂದ ಬರಬೇಕು, ಅದು ಕೈಗೆ ಬರದೆ ನಾನು ಸಹಿ ಹಾಕುವಂತಿಲ್ಲ, ಒಂದೂವರೆಗೆ ಕಚೇರಿ ಮುಚ್ಚುತ್ತದೆ. ಅದಕ್ಕೆ ಡಿ.ಡಿ.ಯನ್ನು ಹಿಂದಿನ ದಿನವೇ ತಯಾರು ಮಾಡಿಸಿ ಅಂತ ಕೇಳಿಕೊಂಡೆವು, ಅದರ ನಕಲನ್ನು ಫೋನಿಗೆ ತರಿಸಿಕೊಂಡು ಹೆಸರು, ಮೊತ್ತ ನೋಡಿಕೊಂಡೆವು. ಕಾವೇರಿಯಲ್ಲಿ ಮೊದಲೇ ಕರಡು ಹಾಕಿ, ಶುಲ್ಕ ಕಟ್ಟಿ, ಹೊತ್ತು ಗೊತ್ತು ಮಾಡಿಕೊಂಡಿದ್ದರಿಂದ ಅಲ್ಲಿ ಫೋಟೋ, ಹೆಬ್ಬೆಟ್ಟು, ಸಹಿ ಅಷ್ಟೇ ಕೆಲಸ. ಕರೆಂಟು, ಸರ್ವರ್ ಸರಿಯಾಗಿ ಕೆಲಸ ಮಾಡುವ ಹೊತ್ತು, ಜನ ಕಡಿಮೆ ಇರುವ ಹೊತ್ತು ಎರಡೂ ಬೆಳಗ್ಗೆಯೇ. ಬ್ಯಾಂಕಿನವರು ಡಿ.ಡಿ. ಹಿಡಿದು ಬಂದು ಎದುರಿಗೆ ಕೂತರು, ನಾನು ಸಹಿ ಹಾಕಿದೆ. ನನ್ನ ಪರವಾಗಿ ಸಹಿ ಹಾಕಲು ಬೇರೆಯವರಿಗೆ ಮುಖತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಟ್ಟು ಹೋಗಬಹುದಿತ್ತಲ್ಲ ಅಂತ ಕೆಲವರು ಕೇಳಿದರು. ಕೊಳ್ಳುವವರಿಗೂ ಅವರ ಬ್ಯಾಂಕಿಗೂ ಮಾಲೀಕನೇ ಬಂದು ಕೂತರೆ ಬರುವ ನಂಬಿಕೆ ಬೇರೆ. ಆದ್ದರಿಂದ ಊರು ಬಿಡುವ ಮೊದಲೇ ನೋಂದಣಿ ಮುಗಿಸಿಕೊಂಡೆ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಮಾರುವವರಿಗೆ ಕೊಡುವ ದುಡ್ಡಿನಲ್ಲೇ 1% ಆದಾಯ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನನ್ನದರಲ್ಲಿ 62,000 ಹಿಡಿದರು. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆ ಆಗದೆ ನಿಷ್ಕ್ರಿಯವಾಗಿದ್ದರೆ 1% ಬದಲು 20% ಹಿಡಿಯಬೇಕಾಗುತ್ತದೆ, ಅದನ್ನು ಕರಾರಿನ ದಿನವೇ ನೋಡಿಕೊಳ್ಳಿ. ಮೈಸೂರಿನಲ್ಲಿ ನಾನು ಕೊಳ್ಳುವಾಗ ಇದೇ ಕೆಲಸ ನನ್ನ ಪಾಲಿಗೆ ಬಂತು.

ಮೈಸೂರಿನಲ್ಲಿ ದಟ್ಟಗಳ್ಳಿ ಕಡೆ ಬಾಡಿಗೆ ಮನೆ ಮಾಡಿದೆವು. ಬಾಡಿಗೆ ದಂಡ ಅಂತ ಅನಿಸಲೇ ಇಲ್ಲ. ಯಾವ ರಸ್ತೆಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಹೆಂಡತಿಯ ಆಫೀಸಿಗೆ ಯಾವ ದಾರಿ ಹತ್ತಿರ, ನಳದ ನೀರು ಯಾವ ಬೀದಿಗೆ ದಿನಾ ಬರುತ್ತದೆ, ಇದನ್ನೆಲ್ಲ ಅಲ್ಲಿ ಇದ್ದು ನೋಡಿದರೆ ಮಾತ್ರ ತಿಳಿಯುತ್ತದೆ. ಕೊಂಡಿದ್ದು 20-30ರ ಸೈಟಿನ ಮನೆ, 70 ಲಕ್ಷಕ್ಕೆ. ಸ್ವಲ್ಪವೇ ಸಾಲ ಬೇಕಿತ್ತು, ಮನೆಯವರ ಹತ್ತಿರ ಕೈಗಡ ತಗೊಂಡು ಮುಗಿಸಬಹುದಿತ್ತು. ಆದರೂ ಬ್ಯಾಂಕಿಗೇ ಅರ್ಜಿ ಹಾಕಿದೆವು. ಗೊತ್ತಿಲ್ಲದ ಊರಲ್ಲಿ ಬ್ಯಾಂಕಿನ ವಕೀಲರು ಮೂಲ ಪತ್ರದಿಂದ ಹಿಡಿದು ಎಲ್ಲ ಓದುತ್ತಾರೆ, ಇಂಜಿನಿಯರ್ ಬಂದು ಮನೆ ಅಳೆದು ನಕ್ಷೆಗೆ ಹೋಲಿಸುತ್ತಾರೆ. ನಮ್ಮದೇ ಒಬ್ಬ ವಕೀಲರಿಂದಲೂ ಓದಿಸಿದೆವು. ಒಂದು ಚೆಂದದ ಮನೆಯನ್ನು ಮೇಲಿನ ಮಹಡಿಗೆ ಅನುಮತಿ ಇಲ್ಲ ಅಂತ ಅವರೇ ಬಿಡಿಸಿದರು.

ಒಂದು ಖರ್ಚು ಮಾತ್ರ ಮಧ್ಯದಲ್ಲಿ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ರಿಂದ 2% ಆಯಿತು. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ 5.6%, ಒಟ್ಟು 7.6%. ನವೆಂಬರ್‌ನಲ್ಲಿ ಕೊಂಡ ನಮಗೆ 5,32,000 ಬಿತ್ತು, ಮೊದಲಿನ ಲೆಕ್ಕಕ್ಕಿಂತ 70,000 ಜಾಸ್ತಿ. ಅವಸರಕ್ಕೆ ಬಿದ್ದು ಕಲಬುರಗಿ ಮನೆಯನ್ನು ಎರಡು ಮೂರು ಲಕ್ಷ ಕಡಿಮೆಗೆ ಕೊಡುವುದಕ್ಕಿಂತ ಇದು ವಾಸಿ.

ತೆರಿಗೆಯ ಲೆಕ್ಕದಲ್ಲಿ ತಾರೀಖು ಮುಖ್ಯ. ಮನೆ ಮಾರಿದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಹಾಕಿದರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ, ಅಷ್ಟಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ (ನಾವು ಮಾರಿದಾಗ ಇದು 1961ರ ಕಾಯ್ದೆಯ 54ನೇ ಸೆಕ್ಷನ್). ಬಂದ ದುಡ್ಡೆಲ್ಲ ಹಾಕಬೇಕಿಲ್ಲ, ಲಾಭದಷ್ಟು ಹಾಕಿದರೆ ಸಾಕು. ಆದರೆ ರಿಟರ್ನ್ ಸಲ್ಲಿಸುವ ಕೊನೆ ದಿನದೊಳಗೆ ಹೊಸ ಮನೆಗೆ ಖರ್ಚಾಗದ ಲಾಭವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಮಾರ್ಚ್ ಕೊನೆಯಲ್ಲೇ ನೋಂದಣಿ ಮಾಡೋಣ ಅಂತ ಗಿರಾಕಿ ಕೇಳಿದ್ದರು. ನಾನು ಏಪ್ರಿಲ್‌ಗೆ ತಳ್ಳಿದೆ. ಮಾರ್ಚ್‌ನಲ್ಲಿ ಮಾರಿದ್ದರೆ ಅದೇ ವರ್ಷವೇ ಆ ಖಾತೆ ತೆರೆಯಬೇಕಿತ್ತು. ಏಪ್ರಿಲ್‌ಗೆ ಹೋಗಿದ್ದರಿಂದ ವ್ಯವಹಾರ ಹೊಸ ಆರ್ಥಿಕ ವರ್ಷಕ್ಕೆ ಬಿದ್ದು, ಮರುವರ್ಷದ ಜುಲೈವರೆಗೆ ಸಮಯ ಸಿಕ್ಕಿತು, ಅಷ್ಟರಲ್ಲಿ ಮನೆಯೇ ಕೊಂಡಾಯಿತು. ಹೊಸ ಮನೆಯನ್ನು ಮೂರು ವರ್ಷ ಮಾರುವಂತಿಲ್ಲ, ಮಾರಿದರೆ ವಿನಾಯಿತಿ ಹೋಗುತ್ತದೆ. ಹೆಂಡತಿಗೆ ಮತ್ತೆ ವರ್ಗ ಆದರೂ ಆ ಮೂರು ವರ್ಷ ಮುಗಿಯುವವರೆಗೆ ಇದನ್ನು ಬಾಡಿಗೆಗೆ ಕೊಡುವುದು ಅಂತ ಈಗಲೇ ಮಾತಾಡಿಕೊಂಡಿದ್ದೇವೆ.