ಕಂಬದ ಹಾಗೆ ನಿಂತ ಮಾವಿನ ಮರ

"ಮರ ಒಣಗ್ತಾ ಇದೆ, ಒಂದ್ಸಲ ಬಂದು ನೋಡ್ತೀರಾ?" ಎಂದು ಫೆಬ್ರವರಿಯಲ್ಲಿ ಫೋನ್ ಬಂದರೆ ನಾನು ಮೊದಲು ಕೇಳುವುದು ಯಾವ ಮರ ಅಂತ. ಹೊಂಗೆ ಅಂದರೆ ಅರ್ಧ ಚಿಂತೆ ಅಲ್ಲೇ ಮುಗಿಯಿತು. ಆ ಹೊತ್ತಿಗೆ ಅದು ಎಲೆ ಉದುರಿಸುವುದೇ ಹಾಗೆ. ಕೆಲವು ವಾರ ಕಾಯಿರಿ, ತಿಳಿಹಸಿರು ಚಿಗುರು ಬರುತ್ತದೆ ಎನ್ನುತ್ತೇನೆ. ಎಲೆ ಮೇಲೆ ಸಣ್ಣ ಸಣ್ಣ ಗಂಟು ಎದ್ದಿದ್ದರೂ ಹೆದರಬೇಕಿಲ್ಲ, ಅದು ನುಸಿಯ ಕೆಲಸ. ಹೀಗೆ ಫೋನಲ್ಲೇ ಮುಗಿಯುವುದಕ್ಕೆ ದುಡ್ಡು ಕೇಳೋಕೆ ನನಗೆ ಇನ್ನೂ ನಾಚಿಕೆ.

ಜಯನಗರದ ಮಾವಿನ ಮರದ ಕತೆ ಹಾಗಿರಲಿಲ್ಲ. ಸುಮಾರು ನಲವತ್ತು ವರ್ಷದ ಮರ. ಮೇಲಿನ ಕೊಂಬೆಗಳು ತುದಿಯಿಂದ ಒಣಗಿಕೊಂಡು ಬರುತ್ತಿದ್ದವು. ಕಾಂಡದಲ್ಲಿ ತೂತು, ತೂತಿನ ಕೆಳಗೆ ಮರದ ಪುಡಿ. ಕಾಂಡ ಕೊರೆಯುವ ಹುಳ. ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು. ಆಗಲೇ ಎರಡು ಸಲ ಔಷಧಿ ಹೊಡೆಸಿದ್ದರು. "ಇನ್ನೂ ಸ್ಟ್ರಾಂಗ್ ಆಗಿರೋದು ಯಾವುದಿದೆ ಹೇಳಪ್ಪ, ಸಾಕು" ಅಂದರು.

ಹುಳ ಇದ್ದದ್ದು ನಿಜ. ಆದರೆ ಪಕ್ಕದ ಮನೆಯಲ್ಲೂ ಮಾವಿತ್ತು, ಅದಕ್ಕೇನೂ ಆಗಿರಲಿಲ್ಲ. ಸೊರಗಿದ ಮರಕ್ಕೆ ಹುಳ ಬೇಗ ಬೀಳುತ್ತದೆ. ಹಾಗಾದರೆ ಇದು ಸೊರಗಿದ್ದು ಯಾಕೆ?

ಬುಡ ನೋಡಿದೆ. ಕಾಂಡ ನೆಟ್ಟಗೆ, ಲೈಟ್ ಕಂಬದ ಹಾಗೆ ಟೈಲ್ಸ್ ಒಳಗೆ ಇಳಿದಿತ್ತು. ಮರ ಹಾಗಿರುವುದಿಲ್ಲ. ನೆಲ ಸೇರುವ ಕಡೆ ಅದು ಆನೆಯ ಪಾದದಂತೆ ಅಗಲವಾಗಬೇಕು, ಅಲ್ಲಿಂದ ಬೇರು ಸುತ್ತಲೂ ಹೊರಡಬೇಕು.

"ಸರ್, ಅಂಗಳ ಎತ್ತರ ಮಾಡಿಸಿದ್ರಾ?"

"ಹ್ಞೂಂ, ಮೂರು ವರ್ಷ ಆಯ್ತು. ಡಾಂಬರು ಹಾಕಿದಾಗೆಲ್ಲ ರೋಡು ಮೇಲೆ ಬರುತ್ತೆ, ಮಳೆ ನೀರೆಲ್ಲ ನಮ್ಮ ಗೇಟಿಂದ ಒಳಗೆ. ಅದಕ್ಕೇ ಒಂದೂವರೆ ಅಡಿ ಮಣ್ಣು ಹೊಡೆಸಿ ಟೈಲ್ಸ್ ಹಾಕಿಸಿದ್ವಿ. ಅದಕ್ಕೂ ಮರಕ್ಕೂ ಏನಪ್ಪಾ ಸಂಬಂಧ?"

ನೀರು ಎಳೆಯುವ ಸಣ್ಣ ಬೇರುಗಳೆಲ್ಲ ಎಲ್ಲೋ ಪಾತಾಳದಲ್ಲಿ ಇರುತ್ತವೆ ಎಂದು ಜನ ಅಂದುಕೊಂಡಿರುತ್ತಾರೆ. ಬಹುಪಾಲು ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ. ಮತ್ತೆ ಬೇರೂ ಉಸಿರಾಡುತ್ತದೆ. ಎಲೆಯಿಂದ ಇಳಿದು ಬಂದ ಸಕ್ಕರೆಯನ್ನು ಬಳಸಿಕೊಳ್ಳಲು ಅದಕ್ಕೆ ಗಾಳಿ ಬೇಕು. ಒಂದೂವರೆ ಅಡಿ ಮಣ್ಣು ಸುರಿದು, ದಮ್ಮಸ್ಸು ಹೊಡೆದು, ಮೇಲೆ ಸಿಮೆಂಟ್ ಹಾಕಿದರೆ ಗಾಳಿ ಎಲ್ಲಿಂದ ಬರಬೇಕು? ಬೇರು ಒಂದೊಂದಾಗಿ ಸಾಯುತ್ತದೆ. ನೀರು ಸಾಲದೆ, ಎಲ್ಲಕ್ಕಿಂತ ದೂರದ ತುದಿ ಮೊದಲು ಒಣಗುತ್ತದೆ. ಅದೂ ತಕ್ಷಣ ಕಾಣುವುದಿಲ್ಲ. ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಪಿಷ್ಟ ಕರಗಿಸಿಕೊಂಡು ಮರ ಎರಡು ಮೂರು ವರ್ಷ ತಳ್ಳಿಬಿಡುತ್ತದೆ. "ಎಫ್‌ಡಿ ಮುರಿಸಿ ಮನೆ ನಡೆಸಿದ ಹಾಗೆ ಸರ್" ಅಂದೆ. ಅದು ಅವರಿಗೆ ಚೆನ್ನಾಗಿ ಅರ್ಥವಾಯಿತು.

ಟೈಲ್ಸ್ ತೆಗೆಸಿ, ಬುಡದ ಹತ್ತಿರ ಗುದ್ದಲಿ ಬೇಡವೆಂದು ಕೈಯಲ್ಲೇ ಮಣ್ಣು ಬಗೆದೆ. ಚರಂಡಿಯಂಥ ವಾಸನೆ ಬಂತು. ಹದಿನೇಳು ಅಂಗುಲ ಕೆಳಗೆ ಬುಡದ ಅಗಲ ಸಿಕ್ಕಿತು. ಒಂದು ಕಡೆ ತೊಗಟೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ನೆಂದ ರಟ್ಟಿನ ಹಾಗೆ ಒಳಗೆ ಹೋಯಿತು. ಎಲೆಯ ಸಕ್ಕರೆ ಬೇರಿಗೆ ಇಳಿಯುವುದೇ ತೊಗಟೆಯ ಒಳಪದರದಲ್ಲಿ. ಸುತ್ತಲೂ ಹೀಗೇ ಕೊಳೆತಿದ್ದರೆ ನಾನು ಮಾಡುವುದಕ್ಕೆ ಏನೂ ಇರಲಿಲ್ಲ. ಚಾಕುವಿನ ತುದಿಯಿಂದ ಅಲ್ಲಲ್ಲಿ ಕೆರೆದು ನೋಡುತ್ತಾ ಒಂದು ಸುತ್ತು ಬಂದೆ. ಮೂರನೇ ಒಂದು ಭಾಗ ಸತ್ತಿತ್ತು, ಉಳಿದದ್ದು ಹಸಿಯಾಗಿತ್ತು.

ಕಾಂಡದ ಸುತ್ತ ಐದು ಅಡಿ ಟೈಲ್ಸ್ ತೆಗೆಸಿದೆವು. ಹಳೇ ಮಟ್ಟದವರೆಗೆ ಮಣ್ಣು ತೆಗೆದು, ಅಂಚಿಗೆ ಕಲ್ಲು ಕಟ್ಟಿ, ಬುಡಕ್ಕೆ ತಾಗದ ಹಾಗೆ ಒಣ ಎಲೆ ಹರಡಿದೆವು. ಗೊಬ್ಬರ ಬೇಡ ಅಂದೆ. ಬೇರೇ ಇಲ್ಲದಾಗ ಗೊಬ್ಬರ ಹಾಕಿ ಚಿಗುರು ಬರಿಸಿದರೆ ಅದಕ್ಕೆ ನೀರು ಕೊಡುವವರು ಯಾರು? ಹುಳದ ತೂತುಗಳಿಗೆ ತಂತಿ ಹಾಕಿ ಸಿಕ್ಕಷ್ಟು ಹುಳ ತೆಗೆದೆ.

ಒಣಗಿದ ಕೊಂಬೆ ಕಡಿಯುವಾಗ ಅವರದ್ದೂ ನನ್ನದೂ ಸ್ವಲ್ಪ ಜಗಳವೇ ಆಯಿತು. ಕಾಂಡಕ್ಕೆ ಸಮವಾಗಿ ನೀಟಾಗಿ ಕೊಯ್ದು, ಮೇಲೆ ಬಣ್ಣ ಬಳಿಸಬೇಕು ಎಂದು ಅವರಿಗೆ. ಕೊಂಬೆ ಹುಟ್ಟುವಲ್ಲಿ ಬಳೆಯಂತೆ ಒಂದು ಉಬ್ಬು ಇರುತ್ತದೆ, ಅದನ್ನು ಮುಟ್ಟಬಾರದು ಎಂದು ನನಗೆ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಕೊಳೆತದ್ದನ್ನು ಒಳಗೇ ಗೋಡೆ ಕಟ್ಟಿ ಮುಚ್ಚಿ, ಹೊರಗಡೆ ಹೊಸ ಪದರ ಬೆಳೆಸಿಕೊಳ್ಳುತ್ತದೆ. ಅಮೆರಿಕದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರ ಸೀಳಿ ತೋರಿಸಿದ್ದು ಇದನ್ನೇ. ಆ ಹೊಸ ಪದರ ಶುರುವಾಗುವುದು ಈ ಉಬ್ಬಿನಿಂದ. ಬಣ್ಣ ಬಳಿದರೆ ಕೊಳೆ ನಿಲ್ಲುವುದಿಲ್ಲ, ನಮ್ಮ ಸಮಾಧಾನ ಅಷ್ಟೆ. (ಪೊಟರೆಗೆ ಸಿಮೆಂಟ್ ತುಂಬುವವರಿಗೂ ಇದೇ ಮಾತು.)

ಇದೆಲ್ಲ ನನಗೆ ಮೊದಲಿಂದಲೇ ಗೊತ್ತಿತ್ತು ಅಂತಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ವಿಜಯನಗರದ ಒಂದು ಮನೆಯ ಸಂಪಿಗೆ ಹಳದಿಯಾಗಿತ್ತು. ಹಳದಿ ಅಂದ ಕೂಡಲೇ ಸಾರಜನಕ ಕಮ್ಮಿ ಎಂದು ಗೊಬ್ಬರದ ಮೇಲೆ ಗೊಬ್ಬರ ಹಾಕಿಸಿದೆ. ನಾಲ್ಕು ತಿಂಗಳಾದರೂ ಹಾಗೇ ಇತ್ತು. ಆಮೇಲೆ ಸರಿಯಾಗಿ ನೋಡಿದರೆ, ಹಳದಿಯಾಗಿದ್ದು ತುದಿಯ ಹೊಸ ಎಲೆಗಳು, ನರ ಮಾತ್ರ ಹಸಿರು. ಸಾರಜನಕ ಸಾಲದಿದ್ದರೆ ಮರ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಹಳೇ ಎಲೆ ಮೊದಲು ಹಳದಿ. ಕಬ್ಬಿಣ ಹಾಗೆ ಓಡಾಡುವುದಿಲ್ಲ, ಅದರ ಕೊರತೆ ಚಿಗುರಲ್ಲಿ ಕಾಣುತ್ತದೆ. ಓದಿದ್ದೆ, ನೋಡಿರಲಿಲ್ಲ. ಅಗೆಸಿದರೆ ಒಂದಡಿ ಕೆಂಪು ಮಣ್ಣಿನ ಕೆಳಗೆ ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟ್ ಚೂರು. ಆ ಮಣ್ಣಿಗೆ ವಿನೆಗರ್ ಬಿಟ್ಟೆ, ನೊರೆ ಬಂತು. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಕರಗಿ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ನೀರಲ್ಲಿ ಕರಗುವ ಕಬ್ಬಿಣದ ಉಪ್ಪು) ಕಲಸಿ ಒಂದೇ ಒಂದು ಕೊಂಬೆಗೆ ಸಿಂಪಡಿಸಿ ಬಂದೆ. ಎರಡು ವಾರ ಬಿಟ್ಟು ಹೋದರೆ ಹನಿ ಬಿದ್ದ ಕಡೆಯಲ್ಲೆಲ್ಲ ಹಸಿರು ಚುಕ್ಕೆ, ಉಳಿದದ್ದು ಮೊದಲಿನ ಹಾಗೇ. ಗೊಬ್ಬರದ ದುಡ್ಡು ವಾಪಸ್ ಕೊಟ್ಟೆ. ಮನೆಯ ಅಮ್ಮ ಬೇಡ ಅಂದರು, ಆದರೂ ಕೊಟ್ಟೆ.

ಜಯನಗರದ ಮಾವು ಮೊದಲ ವರ್ಷ ಏನೂ ಹೇಳಲಿಲ್ಲ. ಎರಡನೇ ವರ್ಷ ದಪ್ಪ ಕೊಂಬೆಗಳ ಮೇಲೆ ತಾಮ್ರ ಬಣ್ಣದ ಚಿಗುರು ಬಂತು. ಕೊಳೆತ ತೊಗಟೆಯ ಕಡೆಯ ಒಂದು ಕೊಂಬೆ ಬರಲೇ ಇಲ್ಲ, ಅದನ್ನು ತೆಗೆಯಬೇಕಾಯಿತು. ಕಳೆದ ತಿಂಗಳು ಅವರೇ ಫೋನ್ ಮಾಡಿದ್ದರು. ರೋಡಿಗೆ ಮತ್ತೆ ಡಾಂಬರು ಹಾಕಿದ್ದಾರಂತೆ, ಗೇಟಿನ ಹತ್ತಿರ ನೀರು ನಿಲ್ಲುತ್ತದಂತೆ.

"ಈ ಸಲ ಮಣ್ಣು ಹಾಕಿಸಲ್ಲಪ್ಪ, ಗೇಟಿಗೆ ಅಡ್ಡ ಒಂದು ಕಲ್ಲಿನ ಕಟ್ಟೆ ಕಟ್ಟಿಸ್ತೀನಿ. ಸ್ಕೂಟರ್ ಹತ್ತಿಸೋದು ಹೇಗೆ ಅಂತ ಯೋಚನೆ ಮಾಡ್ತಾ ಇದೀನಿ" ಅಂದರು.