ದಕ್ಷಿಣ ಆಫ್ರಿಕಾಕ್ಕೆ ಹೊರಟಿದ್ದೀರಾ? ಮೊದಲು ಯಾವ ಊರು ಅಂತ ಹೇಳಿ

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ದಕ್ಷಿಣ ಆಫ್ರಿಕಾಕ್ಕೆ ಕೆಲಸಕ್ಕೆ ಹೊರಟವರು ಕೇಳೋದು ಒಂದೇ ಪ್ರಶ್ನೆ: "ಅಲ್ಲಿ ಹವೆ ಹ್ಯಾಂಗೆ, ಸ್ವೆಟರ್ ಬೇಕಾ?" ಯಾವ ಊರಿಗೆ ಹೋಗ್ತೀರಿ ಅಂತ ಗೊತ್ತಾಗದೆ ಇದಕ್ಕೆ ಉತ್ತರ ಇಲ್ಲ. ಕುಮಟಾದಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಸ್ ಹತ್ತಿದವರು ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಶಾಲು ಹುಡುಕುತ್ತಾರೆ, ಅಲ್ಲಿಂದ ಮುಂಡಗೋಡಿಗೆ ಹೋದರೆ ಮಳೆಯೇ ಕಡಿಮೆ. ಒಂದೇ ಜಿಲ್ಲೆಯಲ್ಲಿ ಇಷ್ಟು ವ್ಯತ್ಯಾಸ ಇದ್ದರೆ ಅಷ್ಟು ದೊಡ್ಡ ದೇಶದಲ್ಲಿ ಎಷ್ಟಿರಬೇಡ?

ಮೊದಲು ಕ್ಯಾಲೆಂಡರ್. ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಜೂನ್‌ನಿಂದ ಆಗಸ್ಟ್ ಚಳಿಗಾಲ. ಶಾಲೆಯ ವರ್ಷ ಜನವರಿಗೆ ಶುರು. ಇಲ್ಲಿ ಮಾರ್ಚ್ ಪರೀಕ್ಷೆ ಮುಗಿಸಿ ಹೋದ ಮಕ್ಕಳು ಅಲ್ಲಿ ಆಗಲೇ ನಡೆಯುತ್ತಿರುವ ಕ್ಲಾಸಿಗೆ ಸೇರಬೇಕಾಗುತ್ತದೆ, ಹಾಗಾಗಿ ಶಾಲೆಯ ಜೊತೆ ಮೊದಲೇ ಮಾತಾಡಿ.

ಹೆಚ್ಚಿನವರಿಗೆ ಕೆಲಸ ಸಿಗೋದು ಜೊಹಾನ್ಸ್‌ಬರ್ಗ್‌ನಲ್ಲಿ. ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದೆ. ಮಳೆ ಬರೋದು ಬೇಸಿಗೆಯಲ್ಲಿ, ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ನಮ್ಮ ಆಷಾಢದ ಹಾಗೆ ದಿನವಿಡೀ ಹಿಡಿದು ಸುರಿಯಲ್ಲ. ಬೆಳಿಗ್ಗೆ ಬಿಸಿಲು, ಮೂರು ನಾಲ್ಕು ಗಂಟೆಗೆ ಕಪ್ಪು ಮೋಡ, ಗುಡುಗು, ಸಿಡಿಲು, ಕೆಲವೊಮ್ಮೆ ದೊಡ್ಡ ದೊಡ್ಡ ಆಲಿಕಲ್ಲು. ಕಾರಿಗೆ ಮೇಲ್ಚಾವಣಿ ಇರುವ ಪಾರ್ಕಿಂಗ್ ಸಿಗುತ್ತಾ ನೋಡಿ, ಇನ್ಶೂರೆನ್ಸ್‌ನಲ್ಲಿ ಆಲಿಕಲ್ಲಿನ ಹಾನಿ ಸೇರಿದೆಯಾ ಅಂತ ಕೇಳಿ. ಸಿಡಿಲು ಜೋರಾದಾಗ ಟಿವಿ, ರೂಟರ್ ಪ್ಲಗ್ ತೆಗೆದಿಡಿ.

ಚಳಿಗಾಲ ಪೂರ್ತಿ ಒಣ. ಹಗಲು ಹಿತವಾದ ಬಿಸಿಲು, ರಾತ್ರಿ ಸೊನ್ನೆ ಡಿಗ್ರಿ ಹತ್ತಿರಕ್ಕೂ ಇಳಿಯುತ್ತದೆ. ತುಟಿ ಒಡೆಯುತ್ತದೆ, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿ, ದೋಸೆ ಹಿಟ್ಟು ಬೆಳಗಾದರೂ ಉಬ್ಬಲ್ಲ. ಹೆಚ್ಚಿನ ಮನೆಗಳಲ್ಲಿ ಇಡೀ ಮನೆ ಬೆಚ್ಚಗಿಡುವ ವ್ಯವಸ್ಥೆ ಇರೋದಿಲ್ಲ, ಸಣ್ಣ ಹೀಟರ್ ಇಟ್ಟುಕೊಳ್ಳಬೇಕು. ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ಬಾಡಿಗೆ ಮನೆ ನೋಡುವಾಗ ಪೂರ್ವದ ಬಾಗಿಲು ಹುಡುಕುವವರು ಉತ್ತರಕ್ಕೆ ದೊಡ್ಡ ಕಿಟಕಿ ಇದೆಯಾ ಅಂತಲೂ ನೋಡಿ. ದಕ್ಷಿಣದ ಕೋಣೆ ಜುಲೈನಲ್ಲಿ ಮಂಜುಗಡ್ಡೆ ಪೆಟ್ಟಿಗೆ. ಇನ್ನೊಂದು, ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿಟ್ಟ ಅನ್ನ, ಬೇಳೆ ಬೇಯೋದು ನಿಧಾನ, ಹಾಗಾಗಿ ಕುಕ್ಕರ್ ಬೇಕೇ ಬೇಕು. ಶಿರಸಿಯ ಅಮ್ಮಂದಿರಿಗೆ ಒಂದು ಖುಷಿಯ ಸುದ್ದಿ: ಇಲ್ಲಿ ಮಳೆಗೆ ಮೊದಲು ಅವಸರದಲ್ಲಿ ಮಾಡುವ ಹಪ್ಪಳ ಸಂಡಿಗೆಯನ್ನು ಅಲ್ಲಿ ಜೂನ್, ಜುಲೈನಲ್ಲಿ ನಿಶ್ಚಿಂತೆಯಿಂದ ಒಣಗಿಸಬಹುದು.

ಡರ್ಬನ್‌ಗೆ ಹೋಗುವವರಿಗೆ ಹವೆ ಅಷ್ಟು ಹೊಸದು ಅನ್ನಿಸಲ್ಲ. ಪಕ್ಕದಲ್ಲೇ ಅಗುಲ್ಹಾಸ್ ಅನ್ನೋ ಬೆಚ್ಚಗಿನ ಸಮುದ್ರ ಪ್ರವಾಹ ಹರಿಯುವುದರಿಂದ ಬೇಸಿಗೆಯಲ್ಲಿ ಕಾರವಾರದ ಹಾಗೇ ಬೆವರು, ಅಂಟು, ಬೂಷ್ಟು. ಚಳಿಗಾಲ ಮಾತ್ರ ಬಹಳ ಚೆನ್ನ, ಹಗಲಿಗೆ ಅಂಗಿ ಸಾಕು. 1860ರಿಂದ ಕಬ್ಬಿನ ತೋಟಕ್ಕೆ ಬಂದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ, ಕರಿಬೇವಿಗೆ ಪರದಾಡಬೇಕಿಲ್ಲ. ಆದರೆ ಗುಡ್ಡದ ಬುಡ ಅಥವಾ ಹಳ್ಳದ ಅಂಚಿನ ಮನೆ ಬೇಡ. 2022ರ ಏಪ್ರಿಲ್‌ನಲ್ಲಿ ಅಲ್ಲಿ ಬಂದ ನೆರೆ ಮತ್ತು ಭೂಕುಸಿತದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಗುಡ್ಡ ಕುಸಿಯೋದು ಏನು ಅಂತ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಕೇಪ್ ಟೌನ್ ಎಲ್ಲದಕ್ಕೂ ಉಲ್ಟಾ. ಮಳೆ ಚಳಿಗಾಲದಲ್ಲಿ, ಬೇಸಿಗೆ ಒಣ. ಬೇಸಿಗೆಯಲ್ಲಿ ಆಗ್ನೇಯದ ಗಾಳಿ ದಿನಗಟ್ಟಲೆ ಬೀಸುತ್ತದೆ, ಅದಕ್ಕೆ ಅಲ್ಲಿಯವರು ಕೇಪ್ ಡಾಕ್ಟರ್ ಅಂತಾರೆ. ಆ ಊರಿನ ಗಾಳಿಗೆ ಕೊಡೆ ನಿಲ್ಲಲ್ಲ, ಟೋಪಿ ಇರುವ ರೇನ್‌ಕೋಟ್ ತಗೊಳ್ಳಿ. ಪಶ್ಚಿಮದಲ್ಲಿ ಬೆಂಗ್ವೆಲಾ ಅನ್ನೋ ತಣ್ಣನೆಯ ಪ್ರವಾಹ ಇರುವುದರಿಂದ ಜನವರಿಯ ಸುಡುಬಿಸಿಲಲ್ಲೂ ಸಮುದ್ರಕ್ಕೆ ಕಾಲಿಟ್ಟರೆ ಜುಮ್ಮೆನ್ನುತ್ತದೆ. ನೀರಿನ ವಿಷಯ ಹಗುರವಾಗಿ ತಗೋಬೇಡಿ. 2015ರಿಂದ 2017ರವರೆಗೆ ಸತತವಾಗಿ ಮಳೆ ಕೈಕೊಟ್ಟು, 2018ರಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ದರು. ಸ್ನಾನ, ಅಡುಗೆ, ಬಟ್ಟೆ, ಶೌಚ ಎಲ್ಲ ಅದರಲ್ಲೇ. ಬಾವಿಕಟ್ಟೆಯಲ್ಲಿ ಕೊಡಗಟ್ಟಲೆ ಸುರಿದುಕೊಂಡು ಬೆಳೆದವರಿಗೆ ಇದು ಸುಲಭ ಅಲ್ಲ.

ಒಳನಾಡಿನ ಕರೂ ಅರೆ ಮರುಭೂಮಿ. ಅಪಿಂಗ್ಟನ್ ಕಡೆ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ಸದರ್‌ಲೆಂಡ್‌ನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ದಕ್ಷಿಣ ಕರಾವಳಿಯ ಜಾರ್ಜ್, ನೈಸ್ನಾ ಕಡೆ ವರ್ಷವಿಡೀ ಅಷ್ಟಿಷ್ಟು ಮಳೆ.

ಅಲ್ಲಿಯ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ಬಣ್ಣ ನೋಡಿ ಸುಮ್ನಾಗಬೇಡಿ, ಯಾವ ಪ್ರದೇಶಕ್ಕೆ, ಎಷ್ಟು ಹೊತ್ತಿನಿಂದ ಅಂತ ಪೂರ್ತಿ ಓದಿ. ಕ್ರೂಗರ್ ಕಾಡು ಮತ್ತು ಈಶಾನ್ಯದ ತಗ್ಗು ಪ್ರದೇಶದಲ್ಲಿ, ಮುಖ್ಯವಾಗಿ ಸೆಪ್ಟೆಂಬರ್‌ನಿಂದ ಮೇವರೆಗೆ, ಮಲೇರಿಯಾ ಇರುತ್ತದೆ. ಹೋಗುವ ಮೊದಲೇ ವೈದ್ಯರ ಹತ್ತಿರ ಮಾತ್ರೆ ಕೇಳಿ. ವಾಪಸ್ ಬಂದು ಕೆಲವು ವಾರಗಳ ನಂತರ ಜ್ವರ ಬಂದರೂ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ, ಆ ಕಡೆ ಹೋಗಿದ್ದೆ ಅಂತ ಮೊದಲೇ ಹೇಳಿಬಿಡಿ.